ಹುಳುಮನೆಯ ಲೆಮನ್ ಕಾಬ್ಲರ್

ನಮ್ಮ ದೊಡ್ಡಪ್ಪನ ಎದುರು ಐದು ನಿಮಿಷ ಕುಳಿತರೆ ಸಾಕು, ನಿಮಗೆ ಎಷ್ಟನೆಯ ಜ್ವರ ಎಂದು ಹೇಳಿಬಿಡುತ್ತಾರೆ! ನಾಡಿ ಹಿಡಿಯುವುದಿಲ್ಲ, ಹಣೆ ಮುಟ್ಟುವುದಿಲ್ಲ, ನಾಲಗೆ ಚಾಚಿ ಎನ್ನುವುದಿಲ್ಲ. ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಎರಡ್ನೇ ಜ್ವರ. ಇನ್ನೂ ಟೈಮೈತೆ" ಎಂದು ತೀರ್ಪು ಕೊಡುತ್ತಾರೆ. ಗಾಬರಿಯಾಗಬೇಡಿ, ಅವರು ಡಾಕ್ಟರಲ್ಲ. ಅಕ್ಕೂರಿನಲ್ಲಿ ರೇಷ್ಮೆ ಹುಳು ಸಾಕುವ ರೈತರು.

ಹುಳು ಸಾಕುವವರ ಭಾಷೆಯಲ್ಲಿ ಜ್ವರ ಎಂದರೆ ಹುಳು ಪೊರೆ ಬಿಡುವ ಸಮಯ. ಗೂಡು ಕಟ್ಟುವ ಮೊದಲು ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಧ್ಯಾನಕ್ಕೆ ಕುಳಿತ ಹಾಗೆ ಅಲುಗಾಡದೆ ಇರುತ್ತದೆ. ಆಗ ಅದನ್ನು ಮುಟ್ಟುವಂತಿಲ್ಲ, ಸೊಪ್ಪು ಹಾಕುವಂತಿಲ್ಲ. ಎದ್ದ ಮೇಲೆ ಅದರ ಹಸಿವು ನೋಡಬೇಕು! ದೊಡ್ಡಪ್ಪನ ಪ್ರಕಾರ ಮನುಷ್ಯರೂ ಇಷ್ಟೇ. ಪರೀಕ್ಷೆಯಲ್ಲಿ ಫೇಲಾದ ಹುಡುಗ ಜ್ವರಕ್ಕೆ ಕೂತಿದ್ದಾನೆ. ಗಂಡನ ಜೊತೆ ಜಗಳವಾಡಿ ತವರಿಗೆ ಬಂದವಳು ಜ್ವರಕ್ಕೆ ಕೂತಿದ್ದಾಳೆ. ಕೆಣಕದೆ ಬಿಟ್ಟರೆ ತಾವಾಗಿಯೇ ಏಳುತ್ತಾರೆ. ನಿಜ ಹೇಳಬೇಕೆಂದರೆ ಈ ಸಿದ್ಧಾಂತ ಬಹಳ ಸಲ ಸರಿಯಾಗಿಯೇ ಇರುತ್ತದೆ. ಸರಿಯಾಗದ ಒಂದು ಸಲಕ್ಕಾಗಿ ನಾನು ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ನೋಡಲು ಮಾಗಡಿಯಿಂದ ಗಂಡಿನವರು ದೊಡ್ಡಪ್ಪನ ಮನೆಗೆ ಬಂದದ್ದು ಅಲ್ಲಿ ಹುಳು ಇದ್ದ ಕಾಲದಲ್ಲಿ. ಹುಳುಮನೆಯ ಹೊಸ್ತಿಲಲ್ಲಿ ಒಂದು ತಗಡಿನ ತಟ್ಟೆ ಇರುತ್ತದೆ. ಅದರ ತುಂಬ ಸುಣ್ಣ ಮತ್ತು ಬ್ಲೀಚಿಂಗ್ ಪೌಡರ್. ರೋಗ ಒಳಗೆ ಬರಬಾರದೆಂದು ಒಳಗೆ ಹೋಗುವವರೆಲ್ಲ ಅದರಲ್ಲಿ ಕಾಲಿಟ್ಟೇ ಹೋಗಬೇಕು. ಇದು ಎಲ್ಲರೂ ಮಾಡುವ ಕೆಲಸ. ಆದರೆ ನಮ್ಮ ದೊಡ್ಡಪ್ಪ ಅಂಥದ್ದೇ ಇನ್ನೊಂದು ತಟ್ಟೆಯನ್ನು ವಾಸದ ಮನೆಯ ಬಾಗಿಲಿಗೂ ಇಟ್ಟಿದ್ದರು. ಇಸ್ತ್ರಿ ಮಾಡಿದ ಕಪ್ಪು ಪ್ಯಾಂಟು, ಪಾಲಿಶ್ ಹಾಕಿದ ಬೂಟು, ಮುಖದ ತುಂಬ ಪೌಡರು ಹಾಕಿಕೊಂಡು ಬಂದ ವರನನ್ನು ಬಾಗಿಲಲ್ಲೇ ತಡೆದು, "ಬೂಟ್ ಬುಟ್ಟು ಸುಣ್ಣ ತುಳ್ದು ಬಾಪ್ಪಾ. ಆ ಮುಖದ್ ಪೌಡರ್ನೂ ಒಸಿ ತೊಳ್ಕೊ, ಘಮಲು ಹುಳುಕ್ಕಾಗಲ್ಲ" ಅಂದರು. ಪಾಪ, ತೊಳೆದುಕೊಂಡ! ಕಾಫಿ ಕುಡಿಯುತ್ತ ಕುಳಿತ ಅವನನ್ನು ದೊಡ್ಡಪ್ಪ ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಬಂದು, "ಮೂರ್ನೇ ಜ್ವರದಾಗವ್ನೆ. ಎದ್ಮೇಲೆ ಚೆನ್ನಾಗಿ ತಿಂತಾನೆ. ಕೊಟ್ಬುಡಿ" ಎಂದು ಒಪ್ಪಿಗೆ ಕೊಟ್ಟರು. ನನ್ನ ಗಂಡ ಎದ್ದಿದ್ದಾನೆ. ತಿನ್ನುತ್ತಲೂ ಇದ್ದಾನೆ.

ಕೆಂಗಲ್ ಹತ್ತಿರದ ಛತ್ರದಲ್ಲಿ ನನ್ನ ತಂಗಿಯ ಮದುವೆ. ಹುಳುಮನೆಯಲ್ಲಿ ಶಾಖ, ತೇವ ನೋಡಲು ಗೋಡೆಗೆ ನೇತುಹಾಕುವ ಥರ್ಮಾಮೀಟರನ್ನು ದೊಡ್ಡಪ್ಪ ಶಲ್ಯದಲ್ಲಿ ಸುತ್ತಿಕೊಂಡು ತಂದಿದ್ದರು. ಮಂಟಪದ ಬಾಳೆಕಂದಿಗೆ ಅದನ್ನು ಕಟ್ಟಿದರು. ಪುರೋಹಿತರು ಮಂತ್ರ ಹೇಳುತ್ತಿದ್ದರೆ ಇವರು ಮತ್ತೆ ಮತ್ತೆ ಬಗ್ಗಿ ನೋಡುವುದು, ಉಸಿರು ಬಿಡುವುದು. ಕೊನೆಗೆ ತಡೆಯಲಾರದೆ ಹೇಳಿಯೇಬಿಟ್ಟರು: "ಸ್ವಾಮೇರಾ, ತೇವ ಏರ್ತಾ ಐತೆ. ಹೆಣ್ಣು ಗಂಡು ಇಬ್ರೂ ಹಣ್ಣಾಗವ್ರೆ. ಇನ್ನು ತಡ ಮಾಡ್ಬ್ಯಾಡಿ, ಚಂದ್ರಿಕೆಗೆ ಬುಡಿ!" ಚಂದ್ರಿಕೆ ಎಂದರೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಛತ್ರದಲ್ಲಿದ್ದವರಲ್ಲಿ ಅರ್ಧ ಜನ ಹುಳು ಸಾಕುವವರೇ ಆದ್ದರಿಂದ ಅಕ್ಷತೆಗಿಂತ ಮೊದಲು ನಗೆಯೇ ಬಿತ್ತು.

ಇಂಥ ಮನುಷ್ಯನ ಜೊತೆ ಸಂಸಾರ ಮಾಡಿದವರು ನಮ್ಮ ದೊಡ್ಡಮ್ಮ. ಹುಳು ಇದ್ದಾಗ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಮೆಣಸಿನಕಾಯಿ ಘಾಟು ಹುಳುಕ್ಕಾಗುವುದಿಲ್ಲವಲ್ಲ! ಆದರೆ ಒಗ್ಗರಣೆ ಇಲ್ಲದ ಸಾರು ದೊಡ್ಡಪ್ಪನಿಗೂ ಆಗುವುದಿಲ್ಲ. ಹಾಗಾಗಿ ದೊಡ್ಡಮ್ಮ ಸಾರಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು, ಮೂರು ಮನೆ ದಾಟಿ, ಕೆಂಪಣ್ಣನ ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿಸಿಕೊಂಡು ಬರುತ್ತಿದ್ದರು. ಈ ಕೆಂಪಣ್ಣ ದೊಡ್ಡಪ್ಪನ ಜೊತೆ ಒಂದೇ ಶಾಲೆಯಲ್ಲಿ ಕಲಿತು, ಒಟ್ಟಿಗೇ ಬಿಟ್ಟವನು. "ಊರಲ್ಲಿ ಹೆಂಗಸ್ರು ನೀರಿಗೆ ಓಗೋದ ನೋಡಿವ್ನಿ, ಒಗ್ಗರಣೆಗೆ ಓಗೋಳು ನಮ್ಮತ್ತಿಗೆ ಒಬ್ಳೇ" ಎಂದು ಅವನು ರೇಗಿಸುತ್ತಿದ್ದ.

ಆ ದೊಡ್ಡಮ್ಮನ ಮೂಗು ಎಂಥದ್ದು ಗೊತ್ತೆ? ಬೀದಿಯಲ್ಲಿ ನಡೆದು ಹೋಗುತ್ತಲೇ, ಯಾರ ಮನೆಯಲ್ಲಿ ಉಪ್ಸಾರು, ಯಾರ ಮನೆಯಲ್ಲಿ ಬಸ್ಸಾರು, ಯಾರ ಮನೆಯಲ್ಲಿ ಗಂಡನ ಮೇಲಿನ ಸಿಟ್ಟಿಗೆ ಬೇಳೆ ಸೀಯುತ್ತಿದೆ ಎಂದು ಹೇಳುತ್ತಿದ್ದರು. ಊರಿನ ಯಾವ ದೊಡ್ಡ ಅಡುಗೆಯೂ ಅವರು ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ತಲೆಯಾಡಿಸದೆ ಒಲೆಯಿಂದ ಇಳಿಯುತ್ತಿರಲಿಲ್ಲ.

ಅಂಥವರಿಗೆ ಹೋದ ಮಳೆಗಾಲದಲ್ಲಿ ಜ್ವರ ಬಂತು. ಇದು ಹುಳುವಿನ ಜ್ವರವಲ್ಲ, ಮನುಷ್ಯರ ಜ್ವರ. ವಾರದಲ್ಲಿ ಬಿಟ್ಟಿತು. ಆದರೆ ಹೋಗುವಾಗ ವಾಸನೆ, ರುಚಿ ಎರಡನ್ನೂ ಕಟ್ಟಿಕೊಂಡು ಹೋಯಿತು. ಮುದ್ದೆ, ಸಾರು, ಹೋಳಿಗೆ ಎಲ್ಲವೂ ಒಂದೇ. "ಬಾಯಿಗೆ ಮಣ್ಣಾಕ್ಕೊಂಡಂಗಾಯ್ತದೆ ಕಣವ್ವಾ" ಎಂದು ತಟ್ಟೆ ಸರಿಸುತ್ತಿದ್ದರು. ಎರಡು ತಿಂಗಳಲ್ಲಿ ಕುಪ್ಪಸದ ತೋಳು ಸಡಿಲವಾಯಿತು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಚನ್ನಪಟ್ಟಣದಿಂದ ಬಸ್ಸು ಹತ್ತಿ ನಾನು ಹೋದಾಗಲೆಲ್ಲ ಅವರು ಇನ್ನಷ್ಟು ಚಿಕ್ಕವರಾಗಿ ಕಾಣುತ್ತಿದ್ದರು. ಡಾಕ್ಟರು, "ವಾಸನೆ ನಿಧಾನವಾಗಿ ಬರುತ್ತೆ. ನಿಂಬೆಹಣ್ಣು, ಲವಂಗ ದಿನಾ ಮೂಸಿ ಅಭ್ಯಾಸ ಮಾಡಲಿ. ಆದರೆ ಊಟ ಬಿಡಬಾರದು. ಹೀಗೇ ತೂಕ ಇಳಿದರೆ ಕಷ್ಟ" ಎಂದು ಎಚ್ಚರಿಸಿದ್ದರು.

ದೊಡ್ಡಪ್ಪ ಒಪ್ಪುತ್ತಾರೆಯೇ? "ಡಾಕ್ಟ್ರಿಗೇನ್ ಗೊತ್ತು ಮಗಾ. ನಿಮ್ ದೊಡ್ಡವ್ವ ನಾಲ್ಕ್ನೇ ಜ್ವರಕ್ಕೆ ಕೂತವ್ಳೆ. ಏಳ್ತಾಳೆ. ಎದ್ದೇಟ್ಗೆ ಒರಟು ಸೊಪ್ಪು ಹಾಕ್ಬಾರ್ದು, ಎಳೇದು ಹಾಕ್ಬೇಕು. ಆ ಎಳೇ ಸೊಪ್ಪು ಯಾವ್ದು ಅಂತ ಹುಡುಕ್ತಾ ಇವ್ನಿ." ಹುಡುಕಾಟ ಶುರುವಾಯಿತು. ಜೀವಮಾನದಲ್ಲಿ ಒಂದು ಲೋಟ ಕಾಫಿ ಮಾಡಿಕೊಂಡು ಕುಡಿಯದ ಮನುಷ್ಯ ಅಡುಗೆಮನೆಗೆ ನುಗ್ಗಿದರು! ಚಿತ್ರಾನ್ನ ಮಾಡಿದರು, ನಿಂಬೆ ಸಾರು ಮಾಡಿದರು, ಉಪ್ಪಿನಕಾಯಿ ಅನ್ನಕ್ಕೆ ಬೆಲ್ಲ ಹಾಕಿದರು. ದೊಡ್ಡಮ್ಮ ಒಂದು ತುತ್ತಿಗೆ ಕೈ ತೊಳೆಯುತ್ತಿದ್ದರು.

ಆಗ ದೊಡ್ಡಪ್ಪನ ಮೊಬೈಲಿನಲ್ಲಿ ಒಬ್ಬಳು ವಿದೇಶಿ ಹೆಂಗಸು ಪ್ರತ್ಯಕ್ಷಳಾದಳು. ಹೂವಿನ ಏಪ್ರನ್ ಕಟ್ಟಿಕೊಂಡು, ಹಲ್ಲು ಬಿಟ್ಟು ನಗುತ್ತ, ಲೆಮನ್ ಕಾಬ್ಲರ್ ಎಂಬುದೊಂದನ್ನು ಮಾಡಿ ಮುಗಿಸಿದಳು. ದೊಡ್ಡಪ್ಪ ನನಗೆ ಫೋನ್ ಮಾಡಿದರು.

"ಮಗಾ, ಬಲು ಸುಲಭ. ಆ ಯಮ್ಮ ನಗ್ತಾ ನಗ್ತಾನೇ ಮಾಡ್ಬುಟ್ಲು. ಅಳತೆ ಒಸಿ ಕೇಳಿ ಹೇಳವ್ವಾ, ನಂಗೆ ಇಂಗ್ಲೀಷ್ ಬರಲ್ಲ."

ಕೇಳಿ ಹೇಳಿದೆ. ಬೆಣ್ಣೆ ಕರಗಿಸಿ ಪಾತ್ರೆಗೆ ಹಾಕುವುದು. ಮೈದಾ, ಸಕ್ಕರೆ, ಹಾಲು, ಬೇಕಿಂಗ್ ಪೌಡರ್ ಕಲಸಿ ಅದರ ಮೇಲೆ ಹುಯ್ಯುವುದು. ನಿಂಬೆರಸ, ಸಕ್ಕರೆ, ಒಂದಿಷ್ಟು ಕಾರ್ನ್‌ಫ್ಲೋರ್, ಬಿಸಿನೀರು ಬೆರೆಸಿ ಅದರ ಮೇಲೆ ಸುರಿಯುವುದು. ಸುರಿದ ಮೇಲೆ ಕಲಕಬಾರದು. ಓವನ್ನಿನಲ್ಲಿಟ್ಟರೆ ಹಿಟ್ಟು ತಾನಾಗಿ ಮೇಲೆದ್ದು ಕೇಕಾಗುತ್ತದೆ, ನಿಂಬೆರಸ ಕೆಳಗಿಳಿದು ಗೊಜ್ಜಾಗುತ್ತದೆ.

"ಕಲಕಬಾರ್ದಾ?" ದೊಡ್ಡಪ್ಪನ ದನಿಯಲ್ಲಿ ಭಕ್ತಿ. "ಸರಿಯಾಗೈತೆ! ಜ್ವರದಾಗಿರೋದ್ನ ಯಾರೂ ಮುಟ್ಬಾರ್ದು. ಆ ಯಮ್ಮ ಹುಳ ಸಾಕಿರ್ಬೇಕು ಕಣವ್ವಾ." ಆಮೇಲೆ, "ಅಲ್ಲಾ, ಬೇಕಿಂಗ್ ಪೌಡರ್ ಅಂದ್ರೆ ನಮ್ ಬ್ಲೀಚಿಂಗ್ ಪೌಡರ್ ಥರಾನೇ ತಾನೇ? ಬೆಳ್ಳಗೆ? ನಮ್ತಾವ ಮೂಟೇನೇ ಐತೆ!"

ನಾನು ಉಟ್ಟಿದ್ದ ಸೀರೆಯಲ್ಲೇ ಬಸ್ಸು ಹತ್ತಿದೆ. ಕೈಯಲ್ಲಿ ಬೇಕಿಂಗ್ ಪೌಡರ್ ಡಬ್ಬಿ.

ಮೊದಲನೆಯ ಕಾಬ್ಲರ್ ಕುಕ್ಕರಿನಲ್ಲಿ, ಮರಳಿನ ಮೇಲೆ ಬೆಂದಿತು. ತಳ ಇದ್ದಿಲು, ಮೇಲೆ ಅಂಬಲಿ. ನಡುವೆ ಎಲ್ಲೋ ಒಂದು ಬೆರಳು ದಪ್ಪ ತಿನ್ನುವಂಥದ್ದು ಸಿಕ್ಕಿತು. ಅದನ್ನು ಬಟ್ಟಲಿಗೆ ಹಾಕಿ ದೊಡ್ಡಪ್ಪ ಹೆಂಡತಿಯ ಮುಂದೆ ಮಂಡಿಯೂರಿ ಕುಳಿತರು. ದೊಡ್ಡಮ್ಮ ಒಂದು ಚಮಚ ಬಾಯಿಗಿಟ್ಟುಕೊಂಡರು.

"ಒಸಿ ಹುಳಿ ಗೊತ್ತಾಯ್ತದೆ" ಅಂದರು ದೊಡ್ಡಮ್ಮ.

ದೊಡ್ಡಪ್ಪ ಬೀದಿಗೆ ಓಡಿದರು! "ಕೆಂಪಾ! ಲೇ ಕೆಂಪಾ! ಎದ್ಲು ಕಣ್ಲಾ! ಜ್ವರ ಎದ್ಲು!" ದೊಡ್ಡಮ್ಮ ಬಟ್ಟಲು ಖಾಲಿ ಮಾಡಿದರು. ಅಷ್ಟು ದಿನದಲ್ಲಿ ನಾನು ಕಂಡ ಮೊದಲ ಖಾಲಿ ಬಟ್ಟಲು ಅದು.

ಆಮೇಲೆ ಆ ಮನೆಯಲ್ಲಿ ಕಾಬ್ಲರ್ ವ್ರತದಂತಾಯಿತು. ದಿನ ಬಿಟ್ಟು ದಿನ. ಹಿತ್ತಲಿನ ನಿಂಬೆಗಿಡ ಬೋಳಾಯಿತು. ಒಂದು ಬೆಳಗ್ಗೆ ಕೆಂಪಣ್ಣ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನ್ಲಾ, ನನ್ ಗಿಡದಲ್ಲಿ ನಿನ್ನೆ ಗೊಂಚ್ಲು ಗೊಂಚ್ಲು ನಿಂಬೆಹಣ್ಣಿದ್ವು. ಎಲ್ಲೋದ್ವು?"

"ನಿನ್ ಗಿಡ ಜ್ವರಕ್ಕೆ ಓಗೈತೆ ಕಣ್ಲಾ. ಮುಟ್ಬ್ಯಾಡ. ತಾನಾಗೇ ಏಳ್ತದೆ."

"ನಿನ್ ಜ್ವರಕ್ಕಿಷ್ಟು! ಕದ್ದೋನು ಒಂದ್ ಬಟ್ಲು ಕೊಡೋದಲ್ವೇನ್ಲಾ?"

ಕೊಟ್ಟರು. ಕೆಂಪಣ್ಣ ತಿಂದ. ಬಹಳ ಹೊತ್ತು ಯೋಚಿಸಿ, "ಇದೇನ್ ಅಂಬ್ಲಿನೋ, ಕೇಕೋ?" ಎಂದು ಕೇಳಿದ.

"ಎಲ್ಡೂವೆ. ಕೆಳ್ಗೆ ಅಂಬ್ಲಿ, ಮೇಲೆ ಕೇಕು. ನಿನ್ನಂಥೋನ್ಗೆ ಒಂದ್ಸಲ ತಿಂದ್ರೆ ತಿಳಿಯಕಿಲ್ಲ" ಎಂದು ದೊಡ್ಡಪ್ಪ ಬಟ್ಟಲು ಕಿತ್ತುಕೊಂಡರು.

ನಾವೆಲ್ಲ ನಕ್ಕೆವು. ಯಾಕೆ ನಗಬಾರದು? ದೊಡ್ಡಮ್ಮ ತಿನ್ನುತ್ತಿದ್ದರು. ಬೇರೆ ಏನು ಕೊಟ್ಟರೂ ಎರಡು ತುತ್ತು, ಕಾಬ್ಲರ್ ಮಾತ್ರ ಬಟ್ಟಲು ತುಂಬ. ಬಳೆ ಮತ್ತೆ ಮಣಿಕಟ್ಟಿನ ಕಡೆಗೆ ಇಳಿಯುತ್ತಿತ್ತು. ದೊಡ್ಡಪ್ಪ ಗೆದ್ದಿದ್ದರು.

ಇಷ್ಟಕ್ಕೇ ನಿಲ್ಲಿಸುವ ಮನುಷ್ಯನಾಗಿದ್ದರೆ ನಾನು ಈಗ ಬೇರೆ ಏನಾದರೂ ಬರೆಯುತ್ತಿದ್ದೆ.

ಅವರಿಗೆ ಒಂದೇ ಕೊರಗು. ಆ ವಿದೇಶಿ ಹೆಂಗಸಿನ ಕಾಬ್ಲರಿಗೆ ಮೇಲೆ ಹೊಂಬಣ್ಣ ಬರುತ್ತಿತ್ತು, ಇವರದ್ದಕ್ಕೆ ಬರುತ್ತಿರಲಿಲ್ಲ. ಜ್ವರದಿಂದ ಎದ್ದ ಹುಳುವಿನ ಹಾಗೆ ಬೆಳ್ಳಗೆ, ನೆರಿಗೆ ನೆರಿಗೆಯಾಗಿ ಮಲಗಿರುತ್ತಿತ್ತು. ಮತ್ತೆ ವಿಡಿಯೊ ನೋಡಿದರು. ಓವನ್ನಿನ ಶಾಖ ನೂರ ಎಂಬತ್ತು ಡಿಗ್ರಿ ಎಂದು ನಾನೇ ಕೇಳಿ ಹೇಳಿದ್ದೆ. ದೊಡ್ಡಪ್ಪ ಹುಳುಮನೆಗೆ ಹೋಗಿ ಥರ್ಮಾಮೀಟರ್ ನೋಡಿದರು. ಅದು ಐವತ್ತಕ್ಕೆ ಮುಗಿದುಹೋಗುತ್ತದೆ! ಬೇರೆಯವರಾದರೆ ಸುಮ್ಮನಾಗುತ್ತಿದ್ದರು. ಇವರು ಲೆಕ್ಕಕ್ಕೆ ಕುಳಿತರು.

ಆ ಲೆಕ್ಕ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಮರಿಹುಳುಗಳಿಗೆ ಶಾಖ ಬೇಕು. ಅದಕ್ಕೆ ಹುಳುಮನೆಯೊಳಗೆ ಇದ್ದಿಲ ಒಲೆ ಇಡುತ್ತಾರೆ. ಒಂದು ಒಲೆ ಇಟ್ಟರೆ ದೊಡ್ಡಪ್ಪನ ಹುಳುಮನೆ ಇಪ್ಪತ್ತೆಂಟು ಡಿಗ್ರಿಗೆ ಬರುತ್ತದೆ. ಹಾಗಾದರೆ ನೂರ ಎಂಬತ್ತಕ್ಕೆ ಎಷ್ಟು ಒಲೆ? ಆರೂವರೆ. ಅರ್ಧ ಒಲೆ ಎಲ್ಲೂ ಸಿಗುವುದಿಲ್ಲವಾದ್ದರಿಂದ ಏಳು! ಹುಳುಮನೆಯೂ ಖಾಲಿ ಇತ್ತು. ಒಂದು ಬೆಳೆಯ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿತ್ತು, ಮುಂದಿನ ಬೆಳೆಯ ಮರಿ ಇನ್ನೂ ಬಂದಿರಲಿಲ್ಲ. ರೋಗ ಸಾಯಲೆಂದು ಮನೆಗೆ ಔಷಧಿ ಹೊಡೆಯುವಾಗ ಕಿಟಕಿ, ಕಿಂಡಿಗಳಿಗೆಲ್ಲ ಪೇಪರ್ ಅಂಟಿಸಿ ಮುಚ್ಚಿದ್ದರು. ಔಷಧಿಯ ಘಾಟು ಹೋಗಿ ಒಳಗೆ ತೊಳೆದೂ ಆಗಿತ್ತು. ಪೇಪರ್ ಮಾತ್ರ ಕೀಳಲಿಲ್ಲ. ಶಾಖ ಹೊರಗೆ ಹೋಗಬಾರದಲ್ಲ! ಕಾಬ್ಲರ್ ಬೇಯಿಸಲು ನಮ್ಮ ದೊಡ್ಡಪ್ಪ ಇಡೀ ಹುಳುಮನೆಯನ್ನೇ ಓವನ್ ಮಾಡಿದ್ದರು.

ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಓವನ್ ರೆಡಿಯಾಗೈತೆ ಕಣವ್ವಾ. ಭಾನುವಾರ ಬಾ."

ಅಬ್ಬಾ, ಅಂತೂ ದೊಡ್ಡಪ್ಪ ಒಂದು ಓವನ್ ಕೊಂಡರಲ್ಲ ಎಂದು ಖುಷಿಯಾಯಿತು. ಚನ್ನಪಟ್ಟಣದ ಅಂಗಡಿಯಲ್ಲಿ ಓವನ್ನಿನ ಬಿಸಿ ಪಾತ್ರೆ ಹಿಡಿಯುವ ದಪ್ಪ ಕೈಗವಸು ಒಂದು ಜೊತೆ ತೆಗೆದುಕೊಂಡು ಹೋದೆ.

ಈಗ ಆ ಬಾಗಿಲು. ಈ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಇಲ್ಲಿಯವರೆಗೆ ನಗಿಸಿಕೊಂಡೇ ಬರುತ್ತೇನೆ. ಇಲ್ಲಿ ಬಂದಾಗ ಮಾತ್ರ ಕುಳಿತಲ್ಲಿಂದ ಎದ್ದುಬಿಡುತ್ತೇನೆ. ಬರೆಯುವಾಗಲೂ.

ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಹಿತ್ತಲಿಗೆ ಹೋದೆ. ಹುಳುಮನೆಯ ಬಾಗಿಲು ಮುಚ್ಚಿತ್ತು. ಕೆಳಗಿನ ಸಂದಿಗೆ ಒದ್ದೆ ಗೋಣಿಚೀಲ ತುರುಕಿತ್ತು. ತಟ್ಟಲು ಕೈಯಿಟ್ಟರೆ ಹಲಗೆ ಬಿಸಿ.

"ದೊಡ್ಡಪ್ಪ!"

ಒಳಗಿನಿಂದ ದನಿ ಬಂತು. ನಿಧಾನವಾಗಿ, ಎಳೆದೆಳೆದು, ಕುಡಿದವರ ಹಾಗೆ. ನಮ್ಮ ದೊಡ್ಡಪ್ಪ ಕುಡಿಯುವವರಲ್ಲ.

"ತೆಗೀಬ್ಯಾಡ ಮಗಾ... ಶಾಖ... ಓಯ್ತದೆ..."

"ದೊಡ್ಡಮ್ಮ ಎಲ್ಲಿ?"

"ಇಲ್ಲೇ... ಬೆಚ್ಚಗೆ ಮಲ್ಗವ್ಳೆ... ಒಳ್ಳೇ ನಿದ್ದೆ..."

ನಾನು ಓದಿದ್ದು ಬಿ.ಕಾಂ. ಆದರೆ ದೊಡ್ಡಮ್ಮ ಹಗಲು ಹೊತ್ತು ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ, ಏನೋ ಕೆಟ್ಟಿದೆ ಎಂದು ತಿಳಿಯಲು ಯಾವ ಡಿಗ್ರಿಯೂ ಬೇಕಿರಲಿಲ್ಲ. ಬಾಗಿಲು ನೂಕಿದೆ. ಒಳಗಿನಿಂದ ಅಗುಳಿ ಹಾಕಿತ್ತು. ಕೂಗಿಕೊಂಡೆ. ಹೇಗೆ ಕೂಗಿದೆನೋ ಗೊತ್ತಿಲ್ಲ, ಮೂರು ಮನೆಯಾಚೆಯ ಕೆಂಪಣ್ಣ ಅರ್ಧ ಕ್ಷೌರ ಮಾಡಿಕೊಂಡಿದ್ದ ಮುಖದಲ್ಲೇ ಓಡಿಬಂದ. ಹಾರೆ ಹಾಕಿ ಒಂದೇಟಿಗೆ ಅಗುಳಿ ಕಿತ್ತ.

ನಾನು ಹೊಗೆಗೆ ಹೆದರಿ ಸೆರಗು ಮೂಗಿಗೆ ಹಿಡಿದಿದ್ದೆ. ಹೊಗೆಯೇ ಇರಲಿಲ್ಲ! ಅದೇ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿರುವುದು. ಒಳಗೆ ಎಲ್ಲ ಅಚ್ಚುಕಟ್ಟು. ಸುತ್ತ ಏಳು ಒಲೆ, ಏಳರಲ್ಲೂ ಕೆಂಪಗೆ, ಅಂದವಾಗಿ ಉರಿಯುವ ಕೆಂಡ. ನಡುವೆ ಮುಚ್ಚಿದ ಪಾತ್ರೆ, ಮುಚ್ಚಳದ ಮೇಲೂ ಕೆಂಡ. ಬಾಗಿಲ ಕಡೆಯ ಗೋಡೆಗೆ ಒರಗಿ ಕೈಯಲ್ಲಿ ಚಮಚ ಹಿಡಿದ ದೊಡ್ಡಪ್ಪ. ಅವರಿಂದಾಚೆ ಚಾಪೆಯ ಮೇಲೆ ದೊಡ್ಡಮ್ಮ. ದೀಪಾವಳಿಯ ದಿನದಂತೆ ಬೆಳಗುತ್ತಿದ್ದ ಆ ಕೋಣೆಯಲ್ಲಿ ಅವರ ತಲೆ ಒಂದು ಕಡೆಗೆ ವಾಲಿತ್ತು.

ಕೆಂಪಣ್ಣ ತೋಳು ಹಿಡಿದ, ನಾನು ಕಾಲು. ಹೊರಗೆ ತಂದು ಕಣದಲ್ಲಿ ಮಲಗಿಸಿದೆವು. ಕೆನ್ನೆ ತಟ್ಟಿದೆ, ಕೂಗಿದೆ, ಭುಜ ಅಲುಗಾಡಿಸಿದೆ. ಇಲ್ಲ. ಕೆಂಪಣ್ಣ ಮತ್ತೆ ಒಳಗೆ ಹೋಗುವಷ್ಟರಲ್ಲಿ ದೊಡ್ಡಪ್ಪ ತೆವಳಿಕೊಂಡು ಬಾಗಿಲಿಗೆ ಬಂದಿದ್ದರು. "ಮುಚ್ಳ ತೆಗೀಬ್ಯಾಡ್ರೋ... ಇನ್ನೂ ಆಗಿಲ್ಲ..." ಎಂದು ಹೇಳಿ ಹೊಸ್ತಿಲಿನ ಸುಣ್ಣದ ತಟ್ಟೆಯೊಳಗೆ ಮಗ್ಗುಲಾಗಿ ಬಿದ್ದರು. ಬಿದ್ದದ್ದು ನೋಡಿ ನನಗೆ ನಗು ಬಂತು ಎಂದರೆ ನಂಬುತ್ತೀರಾ? ಅಳುತ್ತಲೇ ನಗು ಬಂತು. ಆ ನಗು ಎಲ್ಲಿಂದ ಬಂತೆಂದು ಈಗಲೂ ಯೋಚಿಸುತ್ತೇನೆ.

ದೊಡ್ಡಮ್ಮನ ಎದೆ ಏರಿಳಿಯುತ್ತಿತ್ತು. ಬಹಳ ಕಡಿಮೆ, ಆದರೂ ಏರಿಳಿಯುತ್ತಿತ್ತು. ಕೆಂಪಣ್ಣ ಗೂಡು ಸಾಗಿಸುವ ತನ್ನ ಗೂಡ್ಸ್ ಆಟೊದಲ್ಲಿ ಇಬ್ಬರನ್ನೂ ಮಲಗಿಸಿಕೊಂಡು ಹೊರಟ. ಹಿಂದೆ ಕುಳಿತ ನಾನು ದೊಡ್ಡಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಎದೆ ಏರಿತು, ಇಳಿಯಿತು. ಮತ್ತೆ ಏರುತ್ತದೆಯೋ ಇಲ್ಲವೋ ಎಂದು ಪ್ರತಿ ಸಲವೂ ಕಾಯುತ್ತಿದ್ದೆ. ಚನ್ನಪಟ್ಟಣ ಅಷ್ಟು ದೂರ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಹಾಕಿದರು. ದೊಡ್ಡಪ್ಪ ಬಾಗಿಲ ಕಡೆ ಕುಳಿತಿದ್ದರಂತೆ, ಹಲಗೆಗಳ ಸಂದಿಯಿಂದ ಒಂದಿಷ್ಟು ಗಾಳಿ ಸಿಕ್ಕಿತ್ತು. ಬೇಗ ಸುಧಾರಿಸಿಕೊಂಡರು. ದೊಡ್ಡಮ್ಮನ ಬಗ್ಗೆ ಅಲ್ಲಿನ ವಯಸ್ಸಾದ ಡಾಕ್ಟರು ಸಂಜೆಯವರೆಗೆ ಏನೂ ಹೇಳಲಿಲ್ಲ. ಅವರೇ ದೊಡ್ಡಪ್ಪನ ಮಂಚದ ಪಕ್ಕ ನಿಂತು ವಿಚಾರಣೆ ಮಾಡಿದರು. ಆರೂವರೆ ಒಲೆಯ ಲೆಕ್ಕ ಹೊರಬಿದ್ದದ್ದು ಅಲ್ಲಿ. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಹೊಗೆ ಇಲ್ದಿರೋ ಕೆಂಡ ಅಂತ ಧೈರ್ಯವೇನ್ರೀ? ಮುಚ್ಚಿದ ಕೋಣೆಯಲ್ಲಿ ಅದರಿಂದ ಬರೋ ವಿಷದ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆ ಬಂದ ಹಾಗೆ ಆಗುತ್ತೆ, ಅಷ್ಟೇ. ಹುಳ ಸಾಕುವಾಗ ಏನು ಮಾಡ್ತೀರಿ?"

"ಮೇಲಿನ್ ಕಿಂಡಿ ತೆಗ್ದಿರ್ತೀನಿ ಸಾ. ಹುಳುಕ್ಕೆ ಗಾಳಿ ಬೇಕು."

"ಹುಳಕ್ಕೆ ಗಾಳಿ ಬೇಕು, ಹೆಂಡ್ತಿಗೆ ಬೇಡ್ವಾ?"

"ಅವ್ಳ್ಯಾಕೆ ಒಳಗಿದ್ಲು?" ಎಂದು ಡಾಕ್ಟರು ಮತ್ತೆ ಕೇಳಿದಾಗ ದೊಡ್ಡಪ್ಪ ಗೋಡೆಯ ಕಡೆ ತಿರುಗಿ ಹೇಳಿದರು: "ಮುಚ್ಳ ತೆಗ್ದಾಗ ಮೊದಲ್ನೇ ಘಮಲು ಅವಳ ಮೂಗ್ಗೇ ಓಗ್ಲಿ ಅಂತ ಕೂರಿಸ್ದೆ ಸಾ."

ಡಾಕ್ಟರು ದೊಡ್ಡಮ್ಮನ ಮಂಚದ ಕಡೆ ಹೋದರು.

ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮ ಕಣ್ಣು ಬಿಟ್ಟರು. ನನ್ನ ಗುರುತು ಹಿಡಿದರು. ಮುಖದ ಮೇಲಿನ ಮಾಸ್ಕನ್ನು ಸರಿಸಿ ಆಡಿದ ಮೊದಲ ಮಾತು: "ಒಲೆ ಮೇಲಿಟ್ಟಿದ್ದು ಸೀದೋಯ್ತೇನೋ, ನೋಡೋಗವ್ವಾ." ನರ್ಸ್ ಗದರಿ ಮಾಸ್ಕ್ ಮತ್ತೆ ಹಾಕಿದಳು. ಡಾಕ್ಟರು ಬಂದು ನೋಡಿ, ಇನ್ನು ಭಯವಿಲ್ಲ ಅಂದರು. ಈಗಲೂ ನಾನು ಗ್ಯಾಸ್ ಹಚ್ಚುವ ಮೊದಲು ಮನೆಯ ಎಲ್ಲ ಕಿಟಕಿ ತೆಗೆಯುತ್ತೇನೆ. ಗಂಡ, "ಸೊಳ್ಳೆ ಬರುತ್ತೆ ಕಣೇ" ಎನ್ನುತ್ತಾನೆ. ಬರಲಿ. ಸೊಳ್ಳೆಗೂ ಗಾಳಿ ಬೇಕು.

ದೊಡ್ಡಪ್ಪನಿಗೆ ಹೇಳಲು ಹೊರಗೆ ಬಂದೆ. ಅವರಾಗಲೇ ಮಂಚದಿಂದೆದ್ದು ಕಾರಿಡಾರಿನ ಬೆಂಚಿನ ಮೇಲೆ ಕುಳಿತಿದ್ದರು. ಕಿವಿಯ ಹಿಂದೆ ಇನ್ನೂ ಸುಣ್ಣ ಇತ್ತು. ಕೆಂಪಣ್ಣ ಊರಿಗೆ ಹೋಗಿ ಒಲೆಗಳಿಗೆಲ್ಲ ನೀರು ಹುಯ್ದು, ಬಾಗಿಲು ಹಾಕಿ ವಾಪಸು ಬಂದಿದ್ದ. ಅರ್ಧ ಕ್ಷೌರದ ಮುಖ ಹಾಗೆಯೇ ಇತ್ತು.

"ಲೇ, ಮುಚ್ಳ ತೆಗ್ದು ನೋಡ್ದೆ ಕಣ್ಲಾ. ಹೊಂಬಣ್ಣ ಬಂದಿತ್ತು. ಥೇಟ್ ಚಿನ್ನ" ಅಂದ ಕೆಂಪಣ್ಣ, ಗೆಳೆಯನ ಮನಸ್ಸು ಹಗುರಾಗಲೆಂದು.

ದೊಡ್ಡಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ಕೆಂಪಣ್ಣ ಇಡ್ಲಿ ತರುತ್ತೇನೆಂದು ಕ್ಯಾಂಟೀನಿಗೆ ಹೋದ. ನಾನು ಪಕ್ಕದಲ್ಲಿ ಕುಳಿತೆ. ಭಯವಿಲ್ಲವಂತೆ ಎಂದೆ. ಅವರು ತಲೆಯಾಡಿಸಿದರು. ಸಮಾಧಾನಕ್ಕೆ ಇನ್ನೊಂದು ಮಾತು ಇರಲಿ ಎಂದು, "ನಿಮ್ಮ ಕಾಬ್ಲರಿನಿಂದ ಹುಳಿಯಾದರೂ ಗೊತ್ತಾಗ್ತಿತ್ತಲ್ಲ ದೊಡ್ಡಪ್ಪ. ಉಳಿದದ್ದೂ ಬರುತ್ತೆ ಬಿಡಿ" ಅಂದೆ.

"ಇಲ್ಲ ಕಣವ್ವಾ" ಅಂದರು. "ಅವ್ಳಿಗೆ ಏನೂ ಗೊತ್ತಾಯ್ತಿರ್ನಿಲ್ಲ."

ನಾನು ಅವರ ಮುಖ ನೋಡಿದೆ.

"ಒಂದಿನ ನಿಂಬೆಹಣ್ಣೇ ಸಿಕ್ನಿಲ್ಲ. ನಮ್ ಗಿಡದಲ್ಲೂ ಇಲ್ಲ, ಕೆಂಪನ್ ಗಿಡದಲ್ಲೂ ಇಲ್ಲ. ಬರೀ ಸಕ್ಕರೆ ನೀರು ಹುಯ್ದು ಮಾಡ್ದೆ. ಅವತ್ತೂ ತಿಂದು, 'ಹುಳಿ ಒಸಿ ಜಾಸ್ತಿಯಾಯ್ತು' ಅಂದ್ಲು. ಅವತ್ತೇ ತಿಳೀತು. ನನ್ ಮನಸ್ಸು ನೋಯ್ಬಾರ್ದು ಅಂತ ಹೇಳ್ತಾವ್ಳೆ."

"ಹಾಗಾದರೆ ಈ ಏಳು ಒಲೆ ಯಾಕೆ ದೊಡ್ಡಪ್ಪ?"

"ಬಾಯ್ಗಂತೂ ತಿಳ್ಯಕಿಲ್ಲ. ಕಣ್ಗಾರ ಚೆಂದ ಕಾಣ್ಲಿ ಅಂತ. ಮೂಗ್ಗೂ ಒಸಿ ಬಡೀತದೇನೋ ಅಂತ."

"ಗೊತ್ತಿದ್ದೂ ಅಷ್ಟು ದಿನ ಮಾಡಿದಿರಲ್ಲ..."

ಅವರು ನನ್ನ ಕಡೆ ತಿರುಗಿದರು. ನಾನು ಯಾವ ಜ್ವರದಲ್ಲಿದ್ದೇನೆ ಎಂದು ನೋಡುವ ಹಳೆಯ ನೋಟವಲ್ಲ. ಇಷ್ಟೂ ತಿಳಿಯದೇ ನಿನಗೆ ಎನ್ನುವಂಥ ನೋಟ.

"ತಿಂತಿದ್ಲಲ್ಲವ್ವಾ" ಅಂದರು.

ಕೆಂಪಣ್ಣ ಇಡ್ಲಿ ತಂದ. ದೊಡ್ಡಪ್ಪ ಪೊಟ್ಟಣ ಇಸಿದುಕೊಂಡು ಒಳಗೆ ಹೋದರು. ಮಾಸ್ಕ್ ಸ್ವಲ್ಪ ಹೊತ್ತು ತೆಗೆಯಬಹುದೆಂದು ನರ್ಸ್ ಒಪ್ಪಿದಳು. ನಾನು ಬಾಗಿಲಲ್ಲೇ ನಿಂತೆ. ಅವರು ಇಡ್ಲಿಯನ್ನು ಸಣ್ಣಗೆ ಮುರಿದು, ಒಂದೊಂದೇ ಚೂರು ದೊಡ್ಡಮ್ಮನ ತುಟಿಯ ಹತ್ತಿರ ಹಿಡಿಯುತ್ತಿದ್ದರು. ಹೇಗಿದೆ ಎಂದು ಕೇಳಲಿಲ್ಲ. ಆದರೆ ಪ್ರತಿ ಚೂರು ಎತ್ತಿದಾಗಲೂ, ಮಗುವಿಗೆ ಉಣ್ಣಿಸುವ ತಾಯಂದಿರಿಗೆ ಆಗುವ ಹಾಗೆ, ಅವರಿಗೇ ತಿಳಿಯದಂತೆ ಅವರ ಬಾಯೂ ತೆರೆದುಕೊಳ್ಳುತ್ತಿತ್ತು.